ಪ್ರತಿಕಾಯ ಬಾರದ ಕೋಳಿಗಳು

(ಬಿ.ಎಸ್ಸಿ. ಅಂತಿಮ ವರ್ಷದ ಹಾಗೂ ಎಂ.ಎಸ್ಸಿ. ಮೈಕ್ರೋಬಯಾಲಜಿ ವಿದ್ಯಾರ್ಥಿಗಳಿಗೆ ಮಲೆನಾಡಿನ ಕಾಲೇಜೊಂದರಲ್ಲಿ ನೀಡಿದ ಉಪನ್ಯಾಸದ ಬರಹ ರೂಪ. ಕೊನೆಯ ಪ್ರಶ್ನೋತ್ತರವನ್ನೂ ಸೇರಿಸಿದೆ.)

ಎಲ್ಲರಿಗೂ ನಮಸ್ಕಾರ. ಮೈಕ್ರೋಬಯಾಲಜಿ (ಸೂಕ್ಷ್ಮಜೀವಿ ವಿಜ್ಞಾನ), ಇಮ್ಯುನಾಲಜಿಯಲ್ಲಿ (ರೋಗನಿರೋಧಕ ಶಕ್ತಿಯ ವಿಜ್ಞಾನ) ಸಂಶೋಧನೆಗೆ ಹೋಗುವುದು ಹೇಗೆ ಅನ್ನುವುದರ ಬಗ್ಗೆ ಮಾತಾಡಿ ಎಂದು ನಿಮ್ಮ ವಿಭಾಗದವರು ಕರೆದರು. ಯಾವ ಪರೀಕ್ಷೆ ಬರೆಯಬೇಕು, ಫೆಲೋಶಿಪ್ ಎಷ್ಟು ಬರುತ್ತದೆ, ಬೆಂಗಳೂರೋ ದೆಹಲಿಯೋ ಅಮೆರಿಕವೋ, ಇವೆಲ್ಲ ನಿಮ್ಮ ಮನಸ್ಸಿನಲ್ಲಿವೆ ಅಂತ ಗೊತ್ತು. ಹೇಳುತ್ತೇನೆ. ಆದರೆ ಕೊನೆಗೆ. ಮೊದಲೇ ಹೇಳಿಬಿಟ್ಟರೆ ಹಿಂದಿನ ಎರಡು ಬೆಂಚು ಖಾಲಿಯಾಗುತ್ತವೆ. ಈಗ ಕೋಳಿಗಳ ವಿಷಯದಿಂದ ಶುರು ಮಾಡೋಣ.

1950ರ ದಶಕದ ಮೊದಲ ಭಾಗ. ಅಮೆರಿಕದ ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಬ್ರೂಸ್ ಗ್ಲಿಕ್ ಎಂಬ ಸಂಶೋಧನಾ ವಿದ್ಯಾರ್ಥಿ. ಅವನ ವಿಷಯ ಕೋಳಿ. ಕೋಳಿಯ ಕರುಳಿನ ತುದಿಯಲ್ಲಿ, ಬಾಲದ ಕೆಳಗೆ, ಒಂದು ಸಣ್ಣ ಚೀಲದಂಥ ಅಂಗವಿದೆ. ಇಟಲಿಯ ಅಂಗರಚನಾ ಶಾಸ್ತ್ರಜ್ಞ ಫ್ಯಾಬ್ರಿಷಿಯಸ್ ಅದನ್ನು ವರ್ಣಿಸಿ ಮುನ್ನೂರು ವರ್ಷಕ್ಕೂ ಮೇಲಾಗಿತ್ತು. ಅವನ ಹೆಸರೇ ಅದಕ್ಕಿದೆ: ಬರ್ಸಾ ಆಫ್ ಫ್ಯಾಬ್ರಿಷಿಯಸ್. ಅದು ಏನು ಕೆಲಸ ಮಾಡುತ್ತದೆ ಎಂದು ಮಾತ್ರ ಯಾರಿಗೂ ಗೊತ್ತಿರಲಿಲ್ಲ. ಗ್ಲಿಕ್ ಎಳೆಯ ಮರಿಗಳಲ್ಲಿ ಅದನ್ನು ಕತ್ತರಿಸಿ ತೆಗೆದ. ಏನಾಗುತ್ತದೆ ನೋಡೋಣ ಅಂತ ಕಾದ. ಏನೂ ಆಗಲಿಲ್ಲ. ಮರಿಗಳು ತಿಂದವು, ಬೆಳೆದವು, ದೊಡ್ಡವಾದವು. ಥೀಸಿಸ್ ಬರೆಯಬೇಕಾದವನಿಗೆ ಇದಕ್ಕಿಂತ ಕೆಟ್ಟ ಫಲಿತಾಂಶ ಇನ್ನೊಂದಿಲ್ಲ.

ಅದೇ ವಿಭಾಗದಲ್ಲಿ ತಿಮೊಥಿ ಚಾಂಗ್ ಎಂಬ ಇನ್ನೊಬ್ಬ ವಿದ್ಯಾರ್ಥಿ. ಅವನಿಗೆ ಕೆಳಗಿನ ತರಗತಿಯವರಿಗೆ ಒಂದು ಪ್ರಾಕ್ಟಿಕಲ್ ತೋರಿಸಬೇಕಿತ್ತು. ನೀವೂ ಪುಸ್ತಕದಲ್ಲಿ ಓದಿರುವಂಥದ್ದೇ: ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾದ ಆಂಟಿಜೆನ್ (ದೇಹ ಪರಕೀಯ ಎಂದು ಗುರುತಿಸುವ ಅಂಶ) ಚುಚ್ಚಬೇಕು, ಕೆಲವು ದಿನ ಬಿಟ್ಟು ರಕ್ತ ತೆಗೆಯಬೇಕು, ಸೀರಮ್‌ಗೆ (ರಕ್ತದ ತಿಳಿ ದ್ರವಕ್ಕೆ) ಬ್ಯಾಕ್ಟೀರಿಯಾ ಸೇರಿಸಿದರೆ ಅವು ಗುಂಪುಗುಂಪಾಗಿ ಅಂಟಿಕೊಳ್ಳಬೇಕು. ಅಂಟಿಕೊಂಡರೆ ಪ್ರತಿಕಾಯ, ಅಂದರೆ ರೋಗಾಣುವನ್ನು ಹಿಡಿಯಲು ದೇಹ ತಯಾರಿಸುವ ಪ್ರೋಟೀನ್, ಬಂದಿದೆ ಎಂದರ್ಥ. ಕೋಳಿ ಬೇಕಲ್ಲ? ಗ್ಲಿಕ್ ಹತ್ತಿರ ಕೆಲಸ ಮುಗಿದ ಕೋಳಿಗಳಿದ್ದವು, ತಗೋ ಅಂದ. ಚಾಂಗ್ ಚುಚ್ಚಿದ. ಕೆಲವು ಸತ್ತವು. ಬದುಕಿದ ಕೆಲವಲ್ಲಿ ಪ್ರತಿಕಾಯದ ಸುಳಿವೇ ಇಲ್ಲ. ವಿದ್ಯಾರ್ಥಿಗಳ ಎದುರು ಪ್ರಾಕ್ಟಿಕಲ್ ಕೆಟ್ಟಿತು.

ನಮ್ಮಲ್ಲಿ ಆಗಿದ್ದರೆ ಮುಂದೇನಾಗುತ್ತಿತ್ತು, ನೀವೇ ಹೇಳಿ. "ಮೇಡಂ, ಅಗ್ಲುಟಿನೇಷನ್ ಬರ್ಲಿಲ್ಲ." "ಬರ್ಲಿಲ್ವಾ? ಆಂಟಿಜೆನ್ ಹಳೇದಿರಬೇಕು. ಪಕ್ಕದ ಬ್ಯಾಚಿನವರದ್ದು ನೋಡಿ ರೆಕಾರ್ಡ್ ಬರ್ಕೊಂಡು ಸೈನ್ ಹಾಕಿಸ್ಕೊಳ್ಳಿ." ನಗಬೇಡಿ. ಇದು ರಾಜ್ಯದ ಮೂಲೆಮೂಲೆಯ ಲ್ಯಾಬುಗಳಲ್ಲಿ ನಡೆಯುವ ಸಂಭಾಷಣೆ. ನಮ್ಮ ರೆಕಾರ್ಡ್ ಪುಸ್ತಕಗಳಲ್ಲಿ ಇವತ್ತಿನವರೆಗೆ ಒಂದು ಪ್ರಯೋಗವೂ ಕೆಟ್ಟಿಲ್ಲ.

ಆ ಇಬ್ಬರು ಹುಡುಗರು ಕೋಳಿಗಳ ಗುರುತಿನ ಪಟ್ಟಿ ತೆಗೆದು ನೋಡಿದರು. ಪ್ರತಿಕಾಯ ಬಾರದಿದ್ದವು ಬರ್ಸಾ ತೆಗೆದ ಕೋಳಿಗಳು. ಬರ್ಸಾ ಇದ್ದವುಗಳಲ್ಲಿ ಪ್ರತಿಕಾಯ ಸರಿಯಾಗಿಯೇ ಬಂದಿತ್ತು. ಆಮೇಲೆ ಹೆಚ್ಚು ಮರಿಗಳನ್ನು ತೆಗೆದುಕೊಂಡು, ಹೋಲಿಕೆಗೆ ಬರ್ಸಾ ಇರುವ ಕಂಟ್ರೋಲ್ ಗುಂಪಿನ ಜತೆಗೆ, ಮತ್ತೆ ಮಾಡಿದರು. ಅದೇ ಫಲಿತಾಂಶ. ಲೇಖನವನ್ನು 'ಸೈನ್ಸ್' ಪತ್ರಿಕೆಗೆ ಕಳಿಸಿದರು, ಅವರು ತಿರಸ್ಕರಿಸಿದರು. ಕೊನೆಗೆ 1956ರಲ್ಲಿ 'ಪೌಲ್ಟ್ರಿ ಸೈನ್ಸ್' ಪತ್ರಿಕೆಯಲ್ಲಿ ಗ್ಲಿಕ್, ಚಾಂಗ್ ಮತ್ತು ಅವರ ಸಹಲೇಖಕ ಜಾಪ್ ಹೆಸರಿನಲ್ಲಿ ಅಚ್ಚಾಯಿತು. ಕೋಳಿ ಸಾಕಣೆಯ ಪತ್ರಿಕೆಯನ್ನು ಇಮ್ಯುನಾಲಜಿಯವರು ಯಾಕೆ ಓದುತ್ತಾರೆ? ವರ್ಷಗಳ ಕಾಲ ಅದು ಅಲ್ಲೇ ಕೂತಿತ್ತು. ನೀವು ಮೊದಲ ಸೆಮಿಸ್ಟರಿನಿಂದ ಓದುತ್ತಿರುವ, ಪ್ರತಿಕಾಯ ತಯಾರಿಸುವ ಬಿ ಸೆಲ್‌ನ 'ಬಿ' ಇದೇ ಬರ್ಸಾದ ಬಿ.

ಈಗ ಟಿ ಸೆಲ್‌ಗೆ ಬನ್ನಿ. ಇಲ್ಲೂ ಒಬ್ಬ ಸಂಶೋಧನಾ ವಿದ್ಯಾರ್ಥಿ, ಇಲ್ಲೂ ಹುಡುಕಿದ್ದು ಒಂದು, ಸಿಕ್ಕಿದ್ದು ಇನ್ನೊಂದು. ಜಾಕ್ ಮಿಲ್ಲರ್ ಆಸ್ಟ್ರೇಲಿಯಾದಲ್ಲಿ ವೈದ್ಯಕೀಯ ಓದಿ, 1958ರಲ್ಲಿ ಪಿಎಚ್‌ಡಿಗೆಂದು ಲಂಡನ್ನಿನ ಚೆಸ್ಟರ್ ಬೀಟಿ ಸಂಸ್ಥೆಗೆ ಹೋದರು. ವಿಷಯ, ಇಲಿಗಳಲ್ಲಿ ರಕ್ತದ ಕ್ಯಾನ್ಸರ್ ತರುವ ಒಂದು ವೈರಸ್. ಆ ಕ್ಯಾನ್ಸರ್ ಎದೆಯೊಳಗಿನ ಥೈಮಸ್ ಗ್ರಂಥಿಯಲ್ಲಿ ಶುರುವಾಗುತ್ತಿತ್ತು. ಟಿ ಸೆಲ್‌ನ 'ಟಿ' ಈ ಥೈಮಸ್‌ನದೇ. ಥೈಮಸ್ಸೇ ಇಲ್ಲದ ಇಲಿಯಲ್ಲಿ ವೈರಸ್ ಎಲ್ಲಿ ಬೆಳೆಯುತ್ತದೆ ಎಂದು ತಿಳಿಯಬೇಕಿತ್ತು. ಅದಕ್ಕೆ ಹುಟ್ಟಿದ ದಿನವೇ ಇಲಿಮರಿಯ ಥೈಮಸ್ ತೆಗೆಯಬೇಕು. ಹುಟ್ಟಿದ ಇಲಿಮರಿ ಅಂದರೆ ನಿಮ್ಮ ಕಿರುಬೆರಳಿನ ತುದಿಯಷ್ಟಿರುತ್ತದೆ. ಕೈ ಎಷ್ಟು ಪಳಗಿರಬೇಕು ಊಹಿಸಿ.

ಮರಿಗಳು ತಾಯಿಯ ಹಾಲು ಬಿಡುವವರೆಗೆ ಚೆನ್ನಾಗಿದ್ದವು. ಆಮೇಲೆ ಒಂದೊಂದೇ ಸೊರಗಿ ಸಾಯತೊಡಗಿದವು. ವೈರಸ್ ಚುಚ್ಚಿದ್ದು ಸತ್ತರೆ ಅರ್ಥವಿದೆ. ವೈರಸ್ ಚುಚ್ಚದೇ ಬಿಟ್ಟ ಕಂಟ್ರೋಲ್ ಇಲಿಗಳೂ ಸತ್ತವು. ಇಂಥ ಹೊತ್ತಿನಲ್ಲಿ "ಆಪರೇಷನ್‌ನಲ್ಲಿ ಸೋಂಕು ತಗುಲಿರಬೇಕು" ಅಂದುಕೊಂಡು ಮುಂದಿನ ಬ್ಯಾಚ್ ತೆಗೆದುಕೊಳ್ಳುವುದು ಬಹಳ ಸುಲಭ. ಮಿಲ್ಲರ್ ಸತ್ತ ಇಲಿಗಳ ಅಂಗಾಂಶ ನೋಡಿದರು. ದುಗ್ಧರಸ ಗ್ರಂಥಿಗಳಲ್ಲಿ, ರಕ್ತದಲ್ಲಿ ಲಿಂಫೋಸೈಟುಗಳು (ರೋಗ ಎದುರಿಸುವ ಒಂದು ಬಗೆಯ ಬಿಳಿ ರಕ್ತಕಣಗಳು) ತೀರಾ ಕಡಿಮೆ. ಹಾಗಾದರೆ ಈ ಇಲಿಗಳಿಗೆ ಪರಕೀಯವಾದದ್ದನ್ನು ಗುರುತಿಸಲು ಬರುತ್ತದೋ ಇಲ್ಲವೋ? ಬೇರೆ ತಳಿಯ ಇಲಿಯ ಚರ್ಮವನ್ನು ಕಸಿ ಮಾಡಿದರು. ಮಾಮೂಲಿ ಇಲಿ ಅದನ್ನು ಕೆಲವೇ ದಿನಗಳಲ್ಲಿ ಉದುರಿಸುತ್ತದೆ. ಇವು ಉದುರಿಸಲಿಲ್ಲ. ಬೇರೆ ಬಣ್ಣದ ಕೂದಲಿನ ಚರ್ಮ ಬೆನ್ನ ಮೇಲೆ ಹಾಯಾಗಿ ಬೆಳೆಯಿತು. 1961ರಲ್ಲಿ 'ಲ್ಯಾನ್ಸೆಟ್'ನಲ್ಲಿ ಅದು ಬಂತು. ಅದಾಗಿ ಎರಡು ವರ್ಷದ ಮೇಲೂ, ಥೈಮಸ್‌ನಲ್ಲಿ ಲಿಂಫೋಸೈಟುಗಳಿರುವುದು ಜೀವವಿಕಾಸದ ಒಂದು ಆಕಸ್ಮಿಕ, ಅಂಥ ಮಹತ್ವದ್ದೇನಲ್ಲ ಎಂಬ ಅರ್ಥದ ಮಾತನ್ನು ಆಡಿದವರು ಪೀಟರ್ ಮೆಡಾವರ್. ಕಸಿ ಮತ್ತು ರೋಗನಿರೋಧಕ ಶಕ್ತಿಯ ಕೆಲಸಕ್ಕೇ 1960ರ ನೊಬೆಲ್ ಪಡೆದವರು! ದೊಡ್ಡವರು ಹೇಳಿದರು ಎಂದು ಇಲಿ ಕೇಳುವುದಿಲ್ಲವಲ್ಲ.

ಈ ಎರಡೂ ಎಳೆಗಳನ್ನು ಸೇರಿಸಿದವರು ಮಿನ್ನೆಸೋಟದ ಮ್ಯಾಕ್ಸ್ ಕೂಪರ್ ಮತ್ತು ರಾಬರ್ಟ್ ಗುಡ್ ತಂಡ. 1965ರಲ್ಲಿ ಅವರು ಕೋಳಿಯಲ್ಲೇ ಕೆಲವಕ್ಕೆ ಥೈಮಸ್, ಕೆಲವಕ್ಕೆ ಬರ್ಸಾ ತೆಗೆದು, ಅದಾಗಲೇ ಹೊರಬಿದ್ದಿದ್ದ ಕೋಶಗಳನ್ನು ಎಕ್ಸ್-ಕಿರಣದಿಂದ ಕೊಂದು, ಎರಡು ಬೇರೆಬೇರೆ ಕೋಶವಂಶಗಳಿವೆ ಎಂದು ತೋರಿಸಿದರು. ಪ್ರತಿಕಾಯ ತಯಾರಿಸುವುದು ಬಿ ಕೋಶ, ಅದಕ್ಕೆ ಟಿ ಕೋಶದ ಸಹಾಯ ಬೇಕು ಅಂತ 1968ರಲ್ಲಿ ಮೆಲ್ಬರ್ನ್‌ನಲ್ಲಿ ತೋರಿಸಿದವರು ಮಿಲ್ಲರ್ ಮತ್ತು ಅವರ ಪಿಎಚ್‌ಡಿ ವಿದ್ಯಾರ್ಥಿ ಗ್ರಹಾಂ ಮಿಚೆಲ್. ಮತ್ತೆ ವಿದ್ಯಾರ್ಥಿ. ನೀವು ಕಿಟ್ ತರಿಸಿ ಮಾಡುವ ಎಲೈಸಾ (ಪ್ರತಿಕಾಯವೋ ಆಂಟಿಜೆನ್ನೋ ಇದೆಯೇ ಎಂದು ನೋಡುವ ಪರೀಕ್ಷೆ) ಇದೆಯಲ್ಲ, 1971ರಲ್ಲಿ ಅದನ್ನು ಸ್ಟಾಕ್‌ಹೋಮ್‌ನಲ್ಲಿ ಪೀಟರ್ ಪರ್ಲ್‌ಮನ್ ಜತೆ ಪ್ರಕಟಿಸಿದ ಎವಾ ಎಂಗ್ವಾಲ್ ಆಗ ಇನ್ನೂ ಡಾಕ್ಟರೇಟ್ ಮುಗಿಸಿರಲಿಲ್ಲ. ಅಮೆರಿಕದ ದೊಡ್ಡ ವೈದ್ಯಕೀಯ ಪ್ರಶಸ್ತಿಯಾದ ಲಾಸ್ಕರ್ 2019ರಲ್ಲಿ ಕೂಪರ್ ಮತ್ತು ಮಿಲ್ಲರ್‌ಗೆ ಬಂತು. ಗ್ಲಿಕ್ ಅಷ್ಟರಲ್ಲಿ ತೀರಿಹೋಗಿದ್ದರು.

ಯಾಕೆ ಇಷ್ಟೆಲ್ಲ ಹೇಳಿದೆ ಅಂದರೆ, ಪದವಿಯ ಓದಿಗೂ ಸಂಶೋಧನಾ ಓದಿಗೂ ಇರುವ ವ್ಯತ್ಯಾಸ ಇಲ್ಲಿದೆ ಎಂದು ನನ್ನ ನಂಬಿಕೆ. ಪದವಿಯಲ್ಲಿ ಉತ್ತರ ಮೊದಲೇ ಗೊತ್ತಿರುತ್ತದೆ, ಪ್ರಯೋಗ ಅದಕ್ಕೆ ಹೊಂದಬೇಕು. ಸಂಶೋಧನೆಯಲ್ಲಿ ಹೊಂದದೇ ಇದ್ದದ್ದೇ ಕೆಲಸ. ಉಪಕರಣ ಓಡಿಸಲು ಯಾರು ಬೇಕಾದರೂ ಕಲಿಯುತ್ತಾರೆ. ಫ್ಲೋ ಸೈಟೋಮೀಟರ್ (ಕೋಶಗಳನ್ನು ಗುರುತಿಸಿ ಎಣಿಸುವ ಯಂತ್ರ) ಮುಂದೆ ಕೂರಿಸಿದರೆ ಒಂದೆರಡು ತಿಂಗಳಲ್ಲಿ ಕೈ ಕೂರುತ್ತದೆ. ಆದರೆ ಮೂರು ವರ್ಷ "ಬಂದಿದೆ" ಎಂದು ಬರೆದು ಅಭ್ಯಾಸವಾದ ಕೈಗೆ "ಬಂದಿಲ್ಲ" ಎಂದು ಬರೆಯಲು ಕಲಿಸುವುದು ಕಷ್ಟ. ಸಂದರ್ಶನದಲ್ಲಿ ನಾವು ಕೇಳುವ ಅರ್ಧ ಪ್ರಶ್ನೆಗಳು ಇದನ್ನೇ ಹುಡುಕುತ್ತವೆ. "ನಿಮ್ಮ ಪ್ರಾಜೆಕ್ಟಿನಲ್ಲಿ ನೆಗೆಟಿವ್ ಕಂಟ್ರೋಲ್ (ಫಲಿತಾಂಶ ಬರಬಾರದ ಹೋಲಿಕೆಯ ಗುಂಪು) ಏನಿತ್ತು?" ಎಂದರೆ ಎಷ್ಟೋ ಒಳ್ಳೆಯ ಅಂಕದ ಮಕ್ಕಳು ಮೇಲೆ ಕೆಳಗೆ ನೋಡುತ್ತಾರೆ.

ಮೈಕ್ರೋಬಯಾಲಜಿ ಮತ್ತು ಇಮ್ಯುನಾಲಜಿ ಯಾಕೆ ಒಂದೇ ಸೂರಿನಡಿ ಇರುತ್ತವೆ ಎಂದು ಬೆಳಗ್ಗೆ ಒಬ್ಬರು ಕೇಳಿದರು. ಇತಿಹಾಸ ಹಾಗಿದೆ. ಪ್ಯಾಶ್ಚರ್, ಕಾಖ್ ಕಾಲದಲ್ಲಿ ರೋಗಾಣು ಹುಡುಕಿದವರೇ ಲಸಿಕೆಯನ್ನೂ, ಪ್ರತಿಕಾಯಗಳಿರುವ ಆಂಟಿಸೀರಮ್ಮನ್ನೂ ಮಾಡಿದರು. ಆಮೇಲೆ ಇಮ್ಯುನಾಲಜಿ ಅಲರ್ಜಿ, ಅಂಗಾಂಗ ಕಸಿ, ಕ್ಯಾನ್ಸರ್ ಅಂತ ತನ್ನದೇ ದಾರಿ ಹಿಡಿಯಿತು. ಆದರೂ ಒಂದನ್ನು ಬಿಟ್ಟು ಇನ್ನೊಂದನ್ನು ಓದಿದರೆ ಅರ್ಧ ಕಥೆ ಓದಿದ ಹಾಗೆ.

ಅದಕ್ಕೆ ಒಳ್ಳೆಯ ಸಾಕ್ಷಿ ನಿಮ್ಮ ಜಿಲ್ಲೆಯ ಹತ್ತಿರದಲ್ಲೇ ಇದೆ. 1957. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳುತ್ತಿವೆ, ಕಾಡಿಗೆ ಹೋದ ಜನ ಜ್ವರ ಹಿಡಿದು ಮಲಗುತ್ತಿದ್ದಾರೆ. ಪುಣೆಯಲ್ಲಿ 1952ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಮತ್ತು ರಾಕ್‌ಫೆಲ್ಲರ್ ಪ್ರತಿಷ್ಠಾನ ಸೇರಿ ತೆರೆದಿದ್ದ ವೈರಸ್ ಸಂಶೋಧನಾ ಕೇಂದ್ರದವರು ಬಂದರು. ಮಂಗ ಸಾಯುವುದು, ಮನುಷ್ಯರಿಗೆ ಜ್ವರ ಬರುವುದು ಅಂದರೆ ಎಲ್ಲರಿಗೂ ಮೊದಲು ನೆನಪಾದದ್ದು ದಕ್ಷಿಣ ಅಮೆರಿಕದ ಹಳದಿ ಜ್ವರ. ಅದು ಭಾರತಕ್ಕೆ ಬಂತೇ ಎಂಬ ಗಾಬರಿ. ವೈರಸ್ ಪ್ರತ್ಯೇಕಿಸಿ, ಗೊತ್ತಿದ್ದ ವೈರಸ್‌ಗಳ ಆಂಟಿಸೀರಮ್ ಜತೆ ಹೋಲಿಸಿ ನೋಡಿದರೆ ಹಳದಿ ಜ್ವರವಲ್ಲ. ರಷ್ಯಾದ ಕಾಡುಗಳಲ್ಲಿ ಉಣುಗಿನಿಂದ ಹರಡುವ ಮಿದುಳುಜ್ವರದ ವೈರಸ್‌ನ ಹತ್ತಿರದ ನೆಂಟ! ವೈರಸ್ ಸಿಕ್ಕಿದ್ದು ಮೈಕ್ರೋಬಯಾಲಜಿಯಿಂದ, ಅದರ ಕುಲಗೋತ್ರ ತಿಳಿದದ್ದು ಇಮ್ಯುನಾಲಜಿಯಿಂದ. ಅದೇ 1957ರಲ್ಲೇ ಲಂಡನ್‌ನಲ್ಲಿ ಐಸಾಕ್ಸ್ ಮತ್ತು ಲಿಂಡನ್‌ಮನ್ ವೈರಸ್ ಬೆಳೆಯದಂತೆ ತಡೆಯುವ ಇಂಟರ್‌ಫೆರಾನ್ ಕಂಡುಹಿಡಿದರು, ಮೆಲ್ಬರ್ನ್‌ನಲ್ಲಿ ಬರ್ನೆಟ್ ಕ್ಲೋನಲ್ ಸೆಲೆಕ್ಷನ್ ಸಿದ್ಧಾಂತ (ಆಂಟಿಜೆನ್‌ಗೆ ಹೊಂದುವ ಕೋಶವೇ ಆಯ್ಕೆಯಾಗಿ ಹೆಚ್ಚುತ್ತದೆ ಎಂಬುದು) ಮಂಡಿಸಿದರು. ಇಸವಿ ನೆನಪಿಟ್ಟುಕೊಳ್ಳಲು ಕಷ್ಟಪಡುವವರಿಗೆ ಒಂದೇ ಇಸವಿಯಲ್ಲಿ ಮೂರು ಉತ್ತರ.

ಈ ಕ್ಯಾಸನೂರು ಕಾಡಿನ ಜ್ವರದ, ಅಂದರೆ ಮಂಗನ ಕಾಯಿಲೆಯ, ಲಸಿಕೆ ನಿಮಗೆಲ್ಲ ಗೊತ್ತು, ಮನೆಯಲ್ಲಿ ಹಾಕಿಸಿಕೊಂಡವರು ಇರುತ್ತಾರೆ. ಕೋಳಿ ಭ್ರೂಣದ ಕೋಶಗಳಲ್ಲಿ ವೈರಸ್ ಬೆಳೆಸಿ ಫಾರ್ಮಾಲಿನ್‌ನಿಂದ ಕೊಂದು ಮಾಡಿದ್ದು. ತಿಂಗಳ ಅಂತರದಲ್ಲಿ ಎರಡು ಡೋಸ್, 6ರಿಂದ 9 ತಿಂಗಳಿಗೆ ಬೂಸ್ಟರ್, ಆಮೇಲೆ ವರ್ಷಕ್ಕೊಂದರಂತೆ ಐದು ವರ್ಷ. ಅಷ್ಟು ಸಲ ಯಾರು ಬರುತ್ತಾರೆ? ಚುಚ್ಚಿದ ಜಾಗದ ನೋವೂ ಜಾಸ್ತಿ. ಕೊನೆಗೆ ರಕ್ಷಣೆ ಸಾಲದು ಎಂದು 2022ರಲ್ಲಿ ನಿಲ್ಲಿಸಿದರು. ಹೊಸ ಲಸಿಕೆಯ ಪ್ರಯತ್ನ ನಡೆದಿದೆ. ನಿಮ್ಮಲ್ಲಿ ಪ್ರಶ್ನೆ ಹುಡುಕುತ್ತಿರುವವರು ಇದನ್ನು ಬರೆದುಕೊಳ್ಳಿ: ಒಮ್ಮೆ ಕಾಯಿಲೆ ಬಂದು ಬದುಕಿದವರ ದೇಹ ನೆನಪಿಟ್ಟುಕೊಳ್ಳುವ ಬಗೆಗೂ, ಕೊಂದ ವೈರಸ್ ಚುಚ್ಚಿಸಿಕೊಂಡವರ ದೇಹ ನೆನಪಿಟ್ಟುಕೊಳ್ಳುವ ಬಗೆಗೂ ಏನು ವ್ಯತ್ಯಾಸ? ಮೆಮೊರಿ ಬಿ ಕೋಶ, ಟಿ ಕೋಶ ಎಂದು ಪುಸ್ತಕದಲ್ಲಿ ಓದಿದ್ದು ಇಲ್ಲಿ ಸಾಗರ, ತೀರ್ಥಹಳ್ಳಿಯ ರೈತರ ಪ್ರಾಣದ ಪ್ರಶ್ನೆ.

ಈಗ ಪ್ರಶ್ನೆ ಎಲ್ಲಿಂದ ಬರಬೇಕು ಎಂಬುದಕ್ಕೆ ನಮ್ಮ ದೇಶದ್ದೇ ಒಂದು ಉದಾಹರಣೆ. ಶಂಭುನಾಥ ದೇ, ಕಲ್ಕತ್ತಾದ ವೈದ್ಯರು. 1947ರಲ್ಲಿ ಲಂಡನ್‌ಗೆ ಹೋಗಿ ರಾಯ್ ಕ್ಯಾಮರೂನ್ ಎಂಬ ದೊಡ್ಡ ರೋಗಶಾಸ್ತ್ರಜ್ಞರ ಕೈಕೆಳಗೆ 1949ರಲ್ಲಿ ಪಿಎಚ್‌ಡಿ ಮುಗಿಸಿದರು. ಆ ಪಿಎಚ್‌ಡಿಗೂ ಕಾಲರಾಕ್ಕೂ ಸಂಬಂಧವಿಲ್ಲ. ಸಾಮಾನ್ಯವಾಗಿ ನಮ್ಮವರು ಏನು ಮಾಡುತ್ತಾರೆ? ಗೈಡ್ ಕೊಟ್ಟ ವಿಷಯವನ್ನೇ ಸೂಟ್‌ಕೇಸಿನಲ್ಲಿ ಹೊತ್ತು ತಂದು, ಇಲ್ಲಿ ಅದಕ್ಕೆ ಬೇಕಾದ ಉಪಕರಣವಿಲ್ಲ ಎಂದು ನಿವೃತ್ತಿಯವರೆಗೆ ಕೊರಗುತ್ತಾರೆ. ದೇ ವಿಷಯ ಅಲ್ಲೇ ಬಿಟ್ಟರು, ಅಂಗಾಂಶ ನೋಡುವ ಕಣ್ಣನ್ನು ಮಾತ್ರ ತಂದರು. ಊರಿಗೆ ಬಂದು ಊರಿನ ರೋಗವನ್ನೇ ಹಿಡಿದರು.

ಕಾಖ್ 1884ರಲ್ಲೇ ಕಾಲರಾ ಬ್ಯಾಕ್ಟೀರಿಯಾ ಒಂದು ವಿಷ ಬಿಡುತ್ತಿರಬೇಕು ಎಂದಿದ್ದರು. ಎಪ್ಪತ್ತು ವರ್ಷ ಜನ ಹುಡುಕಿದರೂ ಸಿಗಲಿಲ್ಲ. ರಕ್ತಕ್ಕೆ, ಹೊಟ್ಟೆಯ ಪೊರೆಗೆ ಚುಚ್ಚಿ ಇಡೀ ಪ್ರಾಣಿಗೆ ಏನಾಗುತ್ತದೆ ಎಂದು ನೋಡುತ್ತಿದ್ದರು. ಕಾಲರಾ ಆಗುವುದು ಕರುಳಿನಲ್ಲಿ, ಹಾಗಾದರೆ ಕರುಳಿನೊಳಗೇ ಹಾಕಿ ನೋಡಬೇಕಲ್ಲವೇ ಎಂದು ದೇ ಯೋಚಿಸಿದರು. ಮೊಲದ ಸಣ್ಣ ಕರುಳಿನ ಒಂದು ತುಂಡಿನ ಎರಡೂ ಕಡೆ ದಾರದಿಂದ ಕಟ್ಟಿ, ಆ ಮಧ್ಯದ ಭಾಗಕ್ಕೆ ಬ್ಯಾಕ್ಟೀರಿಯಾ ಚುಚ್ಚಿ, ಒಂದು ದಿನ ಬಿಟ್ಟು ತೆರೆದು ನೋಡಿದರೆ ಅದು ನೀರು ತುಂಬಿ ಉಬ್ಬಿತ್ತು. ಅದು 1953ರ ಲೇಖನ. 1959ರಲ್ಲಿ 'ನೇಚರ್'ನಲ್ಲಿ ಇನ್ನೊಂದು: ಬ್ಯಾಕ್ಟೀರಿಯಾವನ್ನು ಪೂರ್ತಿ ಸೋಸಿ ತೆಗೆದ ದ್ರವ ಚುಚ್ಚಿದರೂ ಕರುಳು ಹಾಗೇ ಉಬ್ಬುತ್ತದೆ. ವಿಷ ಇದೆ, ಅದು ಕರುಳಿನಲ್ಲೇ ಕೆಲಸ ಮಾಡುತ್ತದೆ. ಮೊಲ, ಸೂಜಿ, ದಾರ, ಫಿಲ್ಟರ್. ಇದರಲ್ಲಿ ಯಾವುದು ನಮ್ಮ ಹತ್ತಿರ ಇರಲಿಲ್ಲ ಹೇಳಿ? ನೊಬೆಲ್ ವಿಜೇತ ವಿಜ್ಞಾನಿ ಜೋಶುವಾ ಲೆಡರ್‌ಬರ್ಗ್, ದೇ ಅವರ ಹೆಸರನ್ನು ನೊಬೆಲ್‌ಗೆ ಒಂದಕ್ಕಿಂತ ಹೆಚ್ಚು ಸಲ ಸೂಚಿಸಿದ್ದರು. ಬರಲಿಲ್ಲ. ಬದುಕಿದ್ದಾಗ ಇಲ್ಲಿ ದೊಡ್ಡ ಮನ್ನಣೆ ಸಿಗಲಿಲ್ಲ. 1985ರಲ್ಲಿ ತೀರಿಕೊಂಡರು. ಬೆಂಗಳೂರಿನಿಂದ ಹೊರಡುವ 'ಕರೆಂಟ್ ಸೈನ್ಸ್' 1990ರಲ್ಲಿ ಅವರ ಮೇಲೆ ವಿಶೇಷ ಸಂಚಿಕೆ ತಂದಾಗಲೇ ಎಷ್ಟೋ ಭಾರತೀಯ ಮೈಕ್ರೋಬಯಾಲಜಿಸ್ಟುಗಳು ಆ ಹೆಸರು ಕೇಳಿದ್ದು. ನಿಮ್ಮ ಸಿಲೆಬಸ್ಸಿನಲ್ಲಿ ಕಾಲರಾ ಟಾಕ್ಸಿನ್ ಇದೆ, ದೇ ಇದ್ದಾರೆಯೇ ನೋಡಿಕೊಳ್ಳಿ.

ಇನ್ನು ಗೈಡ್ ವಿಷಯ. ಇದನ್ನು ಮುಚ್ಚಿಟ್ಟು ಮಾತಾಡುವುದರಲ್ಲಿ ಅರ್ಥವಿಲ್ಲ. 1943ರಲ್ಲಿ ಅಮೆರಿಕದ ರಟ್ಗರ್ಸ್‌ನಲ್ಲಿ ಸೆಲ್ಮನ್ ವಾಕ್ಸ್‌ಮನ್ ಅವರ ವಿದ್ಯಾರ್ಥಿ ಆಲ್ಬರ್ಟ್ ಶಾಟ್ಸ್‌ಗೆ ತಿಂಗಳಿಗೆ 40 ಡಾಲರ್. ಕ್ಷಯದ ಬ್ಯಾಕ್ಟೀರಿಯಾ ಇಟ್ಟುಕೊಂಡು ಕೆಲಸ ಮಾಡುವವನು ಎಂದು ಅವನಿಗೆ ನೆಲಮಾಳಿಗೆಯ ಲ್ಯಾಬು. ಅಲ್ಲಿ ಅವನು ಸ್ಟ್ರೆಪ್ಟೊಮೈಸಿನ್ ಕೊಡುವ ಸೂಕ್ಷ್ಮಜೀವಿಯ ಎರಡು ತಳಿಗಳನ್ನು ಪ್ರತ್ಯೇಕಿಸಿದ. ಒಂದು ಗೊಬ್ಬರ ಹಾಕಿದ ಹೊಲದ ಮಣ್ಣಿನದು. ಇನ್ನೊಂದು, ಜತೆಯ ವಿದ್ಯಾರ್ಥಿನಿ ಡೋರಿಸ್ ಜೋನ್ಸ್ ಕೊಟ್ಟ, ಕೋಳಿಯ ಗಂಟಲಿನಿಂದ ತೆಗೆದ ಸ್ಯಾಂಪಲ್‌ನದು. (ಇವತ್ತು ಕೋಳಿಗಳು ನಮ್ಮನ್ನು ಬಿಡುವ ಹಾಗಿಲ್ಲ.) ಕ್ಷಯಕ್ಕೆ ಮೊದಲ ಔಷಧಿ ಅದು. 1944ರ ಲೇಖನದಲ್ಲಿ ಶಾಟ್ಸ್ ಮೊದಲ ಲೇಖಕ, ಎಲಿಜಬೆತ್ ಬೂಗಿ ಎಂಬ ಇನ್ನೊಬ್ಬ ವಿದ್ಯಾರ್ಥಿನಿ ಎರಡನೆಯವಳು, ವಾಕ್ಸ್‌ಮನ್ ಕೊನೆಗೆ. ಆದರೆ ಹೆಸರು, ಭಾಷಣ, ರಾಯಲ್ಟಿ ಎಲ್ಲ ಗೈಡ್ ಕಡೆಗೆ ಹೋಯಿತು. 1950ರಲ್ಲಿ ಶಾಟ್ಸ್ ಕೋರ್ಟಿಗೆ ಹೋದ. ರಾಜಿಯಾಯಿತು, ಸಹಸಂಶೋಧಕ ಎಂದು ಒಪ್ಪಿಕೊಂಡರು, ರಾಯಲ್ಟಿಯಲ್ಲಿ ಪಾಲೂ ಸಿಕ್ಕಿತು. 1952ರ ನೊಬೆಲ್ ಮಾತ್ರ ವಾಕ್ಸ್‌ಮನ್ ಒಬ್ಬರಿಗೇ. ಗೈಡ್ ಮೇಲೆ ಕೇಸು ಹಾಕಿದವನು ಎಂದು ಶಾಟ್ಸ್‌ಗೆ ಒಳ್ಳೆಯ ಲ್ಯಾಬುಗಳ ಬಾಗಿಲು ಮುಚ್ಚಿದವು.

ಯಾರು ಸರಿ, ಯಾರು ತಪ್ಪು ಎಂದು ಇಂದಿಗೂ ವಾದವಿದೆ. ಕಾರ್ಯಕ್ರಮ ಹಾಕಿಕೊಟ್ಟದ್ದು, ವಿಧಾನ ಕಲಿಸಿದ್ದು ವಾಕ್ಸ್‌ಮನ್ ಎಂಬುದು ಸುಳ್ಳಲ್ಲ. ನನಗೆ ಇಲ್ಲಿ ಮುಖ್ಯ ಅನಿಸುವುದು ಬೇರೆ. ದಶಕಗಳ ನಂತರವೂ ಯಾರು ಏನು ಮಾಡಿದರು ಎಂದು ಹೇಳಲು ಸಾಧ್ಯವಾದದ್ದು ಶಾಟ್ಸ್‌ನ ನೋಟ್‌ಬುಕ್‌ನಿಂದ. ತಾರೀಖು ಹಾಕಿ, ಪ್ರಯೋಗಕ್ಕೆ ನಂಬರು ಕೊಟ್ಟು, ಕೈಯಿಂದ ಬರೆದ ಪುಟಗಳು ವಿಶ್ವವಿದ್ಯಾಲಯದ ಕಡತಗಳಲ್ಲಿ ಉಳಿದಿದ್ದವು. ಲ್ಯಾಬ್ ನೋಟ್‌ಬುಕ್ ಎಂದರೆ ರೆಕಾರ್ಡ್ ಅಲ್ಲ. ಅದನ್ನು ಮನೆಯಲ್ಲಿ ಕೂತು ನೀಟಾಗಿ ಕಾಪಿ ಮಾಡಬಾರದು, ಹಾಳೆ ಹರಿಯಬಾರದು, ವೈಟ್ನರ್ ಹಚ್ಚಬಾರದು. ತಪ್ಪಾದರೆ ಒಂದು ಗೆರೆ ಎಳೆದು ಪಕ್ಕದಲ್ಲಿ ಬರೆಯಿರಿ. ಇನ್‌ಕ್ಯುಬೇಟರ್ ಕರೆಂಟು ಹೋಗಿ ನಿಂತಿತ್ತು ಅಂದರೆ ಅದನ್ನೂ ಬರೆಯಿರಿ.

ಸರಿ, ಕಾದು ಕೂತ ವಿಷಯಕ್ಕೆ ಬರುತ್ತೇನೆ. 2022ರ ಯುಜಿಸಿ ನಿಯಮದಂತೆ ನಾಲ್ಕು ವರ್ಷದ ಪದವಿಯಲ್ಲಿ 75 ಪರ್ಸೆಂಟ್ ಇದ್ದರೆ ನೇರ ಪಿಎಚ್‌ಡಿಗೆ ಅರ್ಜಿ ಹಾಕಬಹುದು. ಆದರೆ ನಮ್ಮ ರಾಜ್ಯ 2024-25ರಿಂದ ಮೂರು ವರ್ಷದ ಪದವಿಗೆ ಮರಳಿದೆ, ಹಾಗಾಗಿ ನಿಮ್ಮಲ್ಲಿ ಹೆಚ್ಚಿನವರಿಗೆ ಎಂ.ಎಸ್ಸಿ. ದಾರಿಯೇ. ಇಲ್ಲವೇ ಬಿ.ಎಸ್ಸಿ. ಮುಗಿದ ಕೂಡಲೇ ಸೇರುವ ಇಂಟಿಗ್ರೇಟೆಡ್ ಪಿಎಚ್‌ಡಿ. ಬೆಂಗಳೂರಿನ ಐಐಎಸ್‌ಸಿ, ಎನ್‌ಸಿಬಿಎಸ್, ಜವಾಹರಲಾಲ್ ನೆಹರು ಕೇಂದ್ರ ಮೂರರಲ್ಲೂ ಇದೆ. ಎಂ.ಎಸ್ಸಿ. ಆದವರಿಗೆ ಪ್ರವೇಶ, ಫೆಲೋಶಿಪ್ ಪರೀಕ್ಷೆಗಳಿವೆ: ಸಿಎಸ್‌ಐಆರ್-ಯುಜಿಸಿ ನೆಟ್, ಡಿಬಿಟಿ, ಐಸಿಎಂಆರ್ ಜೆಆರ್‌ಎಫ್ ಪರೀಕ್ಷೆಗಳು, ಗೇಟ್, ಎನ್‌ಸಿಬಿಎಸ್ ಮುಂತಾದ ಕಡೆಗೆ ಜೀಬಿಲ್ಸ್. ನೆಟ್ ಜೀವವಿಜ್ಞಾನ ಪತ್ರಿಕೆ 200 ಅಂಕದ್ದು, ಅದರಲ್ಲಿ ಅರ್ಧ 'ಸಿ' ಭಾಗದ್ದು. 75 ಪ್ರಶ್ನೆಯಲ್ಲಿ 25 ಆರಿಸಿ ಉತ್ತರಿಸಬೇಕು. 'ಸಿ' ಭಾಗದಲ್ಲಿ ಕೇಳುವುದು ಬಹಳಷ್ಟು ಇಂಥವೇ: ಈ ಪ್ರಯೋಗ ಮಾಡಿದರು, ಹೀಗೆ ಬಂತು, ಏನರ್ಥ? ಗೈಡ್‌ಬುಕ್ ಬಾಯಿಪಾಠ ಅಲ್ಲಿ ಸಾಲುವುದಿಲ್ಲ.

ಫೆಲೋಶಿಪ್ 2023ರ ಜನವರಿಯಿಂದ ಜೆಆರ್‌ಎಫ್‌ಗೆ (ಜೂನಿಯರ್ ಫೆಲೋ) ತಿಂಗಳಿಗೆ 37,000 ರೂಪಾಯಿ, ಎಸ್‌ಆರ್‌ಎಫ್ (ಸೀನಿಯರ್ ಫೆಲೋ) ಆದಮೇಲೆ 42,000, ಜತೆಗೆ ಮನೆ ಬಾಡಿಗೆ ಭತ್ಯೆ. ಮನೆಯಲ್ಲಿ ಅಪ್ಪ ಅಮ್ಮನಿಗೆ ಇದನ್ನು ಹೇಳಿ. ಓದಿಗೆ ಸಂಬಳ ಬರುತ್ತದೆ ಅನ್ನುವುದು ಎಷ್ಟೋ ಮನೆಗಳಿಗೆ ಗೊತ್ತಿಲ್ಲ, ಅದರಲ್ಲೂ ಹೆಣ್ಣುಮಕ್ಕಳ ಮನೆಗಳಲ್ಲಿ ಅದು ಗೊತ್ತಾದರೆ ಮದುವೆಯ ಮಾತು ಎರಡು ವರ್ಷ ಮುಂದೆ ಹೋಗುತ್ತದೆ. ಹಣ ತಿಂಗಳುಗಟ್ಟಲೆ ತಡವಾಗುವುದೂ ಉಂಟು. ಒಂದಿಷ್ಟು ಕೈಯಲ್ಲಿಟ್ಟುಕೊಂಡೇ ಹೋಗಿ.

ದೆಹಲಿಯ ರಾಷ್ಟ್ರೀಯ ಪ್ರತಿರಕ್ಷಾ ವಿಜ್ಞಾನ ಸಂಸ್ಥೆ, ಫರೀದಾಬಾದಿನ ಟಿಎಚ್‌ಎಸ್‌ಟಿಐ, ಪುಣೆಯ ಎನ್‌ಐವಿ, ನಮ್ಮ ನಿಮ್ಹಾನ್ಸ್‌ನ ನ್ಯೂರೋವೈರಾಲಜಿ ವಿಭಾಗ, ಈ ಸಂಶೋಧನಾ ಸಂಸ್ಥೆಗಳ ವೆಬ್‌ಸೈಟು ನೋಡಿ. ಅಮೆರಿಕದಲ್ಲಿ ಜೀವವೈದ್ಯಕೀಯ ಪಿಎಚ್‌ಡಿಗೆ ಸಾಮಾನ್ಯವಾಗಿ ಶುಲ್ಕವಿಲ್ಲ, ಸ್ಟೈಪೆಂಡ್ ಕೊಡುತ್ತಾರೆ, ಎಂ.ಎಸ್.ಗೆ ನೀವೇ ಕಟ್ಟಬೇಕು. ಸಾಲ ಮಾಡಿ ಎಂ.ಎಸ್.ಗೆ ಹೋಗುವ ಮುಂಚೆ ಹತ್ತು ಸಲ ಯೋಚಿಸಿ. ಅಲ್ಲಿಯ ಪದ್ಧತಿಯಲ್ಲಿ ನನಗೆ ಮೆಚ್ಚುಗೆಯಾದದ್ದು ಒಂದಿದೆ: ಮೊದಲ ವರ್ಷ ಎರಡು ಮೂರು ಲ್ಯಾಬುಗಳಲ್ಲಿ ಕೆಲವು ವಾರ ಕೆಲಸ ಮಾಡಿ, ಆಮೇಲೆ ಗೈಡ್ ಆರಿಸುತ್ತಾರೆ. ನಮ್ಮಲ್ಲೂ ಕೆಲವು ಕಡೆ ಇದೆ, ಎಲ್ಲ ಕಡೆ ಬರಬೇಕು. ಜರ್ಮನಿಯಂಥ ದೇಶಗಳಲ್ಲಿ ಎಂ.ಎಸ್ಸಿ. ಆದಮೇಲೆ ಪಿಎಚ್‌ಡಿ, ಅದೂ ಎಷ್ಟೋ ಕಡೆ ಉದ್ಯೋಗದ ಒಪ್ಪಂದದ ಮೇಲೆ.

ಲ್ಯಾಬ್ ಆರಿಸುವಾಗ ಪ್ರೊಫೆಸರರ ಪ್ರಕಟಣೆಗಳ ಪಟ್ಟಿಗಿಂತ ಮೊದಲು ಅವರ ವಿದ್ಯಾರ್ಥಿಗಳನ್ನು ಮಾತಾಡಿಸಿ. ಹಿಂದಿನವರಿಗೆ ಎಷ್ಟು ವರ್ಷ ಹಿಡಿಯಿತು, ಮೊದಲ ಲೇಖಕರಾಗಿ ಯಾರ ಹೆಸರು ಬಂದಿದೆ, ಲ್ಯಾಬ್ ಮೀಟಿಂಗಿನಲ್ಲಿ ಪ್ರಯೋಗ ಕೆಟ್ಟಿತು ಎಂದರೆ ಏನಾಗುತ್ತದೆ. ಮೂರನೇ ಪ್ರಶ್ನೆಗೆ ಉತ್ತರ ಹೇಳುವಾಗ ಆ ವಿದ್ಯಾರ್ಥಿ ಬಾಗಿಲ ಕಡೆ ತಿರುಗಿ ನೋಡಿದರೆ, ಬೇರೆ ಲ್ಯಾಬ್ ಹುಡುಕಿ.

ನನ್ನ ಮಾತು ಇಷ್ಟು. ಪ್ರಶ್ನೆಗಳಿದ್ದರೆ ಕೇಳಿ.

ಒಬ್ಬ ವಿದ್ಯಾರ್ಥಿನಿ: ಮೇಡಂ, ರೆಕಾರ್ಡ್‌ನಲ್ಲಿ ಬಂದ ಹಾಗೇ ಬರೆದರೆ ಇಂಟರ್ನಲ್ಸ್ ಮಾರ್ಕ್ಸ್ ಹೋಗುತ್ತಲ್ಲ?

ಹೋಗಬಹುದು. ನಿಮ್ಮ ಮೇಷ್ಟ್ರು ಇಲ್ಲೇ ಮುಂದೆ ಕೂತಿದ್ದಾರೆ, ಅವರನ್ನೂ ಕೇಳೋಣ. ಬಂದದ್ದನ್ನು ಬರೆದು, ಯಾಕೆ ಹಾಗೆ ಬಂದಿರಬಹುದು ಎಂದು ನಾಲ್ಕು ಸಾಲು ಸೇರಿಸಿದವರಿಗೆ ಅಂಕ ಕಡಿಮೆ ಮಾಡಬೇಡಿ ಎಂದು ಅವರಲ್ಲಿ ನನ್ನ ವಿನಂತಿ. ಅದು ಆಗುವವರೆಗೆ ನಿಮ್ಮದೇ ಇನ್ನೊಂದು ಪುಸ್ತಕ ಇಟ್ಟುಕೊಳ್ಳಿ.

ಇನ್ನೊಬ್ಬರು: ಕನ್ನಡ ಮೀಡಿಯಂನವರಿಗೆ ಕಷ್ಟ ಆಗುತ್ತಾ?

ಮೊದಲ ವರ್ಷ ಆಗುತ್ತದೆ. ನೆಟ್ ಪತ್ರಿಕೆ ಇಂಗ್ಲಿಷ್, ಹಿಂದಿಯಲ್ಲಿ ಮಾತ್ರ ಇರುತ್ತದೆ. ಒಂದು ಉಪಾಯ ಹೇಳುತ್ತೇನೆ: ವಾರಕ್ಕೊಂದು ಸಂಶೋಧನಾ ಲೇಖನ ಓದಿ, ಅದರಲ್ಲಿ ಏನು ಮಾಡಿದರು, ಏನು ಬಂತು ಎಂಬುದನ್ನು ಕನ್ನಡದಲ್ಲಿ ಅರ್ಧ ಪುಟ ಬರೆಯಿರಿ. ಕನ್ನಡದಲ್ಲಿ ಹೇಳಲು ಬಂದರೆ ಅರ್ಥವಾಗಿದೆ. ಸಂದರ್ಶನದಲ್ಲಿ ತಡವರಿಸಿದರೂ ಅರ್ಥವಾದವರನ್ನು ಗುರುತಿಸುವುದು ನಮಗೆ ಕಷ್ಟವೇನಲ್ಲ.

ಮತ್ತೊಬ್ಬರು: ಮಂಗನ ಕಾಯಿಲೆ ಮೇಲೆ ನಮ್ಮ ಕಾಲೇಜಿನಲ್ಲೇ ಪ್ರಾಜೆಕ್ಟ್ ಮಾಡಬಹುದಾ?

ಜೀವಂತ ವೈರಸ್ ಇಲ್ಲಿ ಮುಟ್ಟುವಂತಿಲ್ಲ. ಅದಕ್ಕೆ ಬಿಎಸ್‌ಎಲ್-3 ಅಥವಾ ಅದಕ್ಕಿಂತ ಮೇಲಿನ ಸುರಕ್ಷತೆಯ ಲ್ಯಾಬ್ ಬೇಕು. ಕಾಡಿನಿಂದ ಉಣುಗು ಹಿಡಿದು ತಂದು ಇಲ್ಲಿ ಅರೆಯುವುದೂ ಬೇಡ, ಅದರಲ್ಲಿ ವೈರಸ್ ಇದ್ದರೆ ಅದೂ ಅಷ್ಟೇ ಅಪಾಯ. ಆದರೆ ಹಳ್ಳಿಗಳಲ್ಲಿ ಯಾರು ಲಸಿಕೆಯ ಎಷ್ಟು ಡೋಸ್ ತೆಗೆದುಕೊಂಡಿದ್ದರು, ಯಾಕೆ ಬಿಟ್ಟರು, ಕಾಡಿಗೆ ಹೋಗುವಾಗ ಮೈಗೆ ಏನು ಹಚ್ಚಿಕೊಳ್ಳುತ್ತಾರೆ ಎಂಬ ಸಮೀಕ್ಷೆ ಮಾಡಬಹುದು, ಕಾಲೇಜಿನ ನೈತಿಕ ಸಮಿತಿಯ ಒಪ್ಪಿಗೆ ತೆಗೆದುಕೊಂಡು. ಶಿವಮೊಗ್ಗದಲ್ಲಿ ವೈರಸ್ ರೋಗಪತ್ತೆ ಪ್ರಯೋಗಾಲಯವಿದೆ, ಅಲ್ಲಿ ಕೆಲಸ ನೋಡಲು ವಿಭಾಗದ ಮುಖ್ಯಸ್ಥರಿಂದ ಪತ್ರ ಬರೆಸಿ. ಉಣುಗಿನ ಮರಿಗಳು ಹೆಚ್ಚಾಗುವುದು, ಜನಕ್ಕೆ ಕಾಯಿಲೆ ಬರುವುದು ಡಿಸೆಂಬರ್‌ನಿಂದ ಮೇವರೆಗೆ. ಒಪ್ಪಿಗೆ ಪತ್ರಗಳಿಗೇ ಎರಡು ಮೂರು ತಿಂಗಳು ಹಿಡಿಯುತ್ತದೆ. ಈ ವರ್ಷವೇ ಮಾಡುವುದಾದರೆ ಅರ್ಜಿ ಸೆಪ್ಟೆಂಬರ್‌ನಲ್ಲಿ ಹೋಗಬೇಕು.